ಬೆಂಗಳೂರಲ್ಲಿ ತಮಾಷೆ, ನಾಗಪುರದಲ್ಲಿ ವ್ಯವಹಾರ

ಕ್ರಿಕೆಟ್ ಬೆಟ್ಟಿಂಗ್ ಸುದ್ದಿ ಬಂದಾಗೆಲ್ಲ ನಮ್ಮ ಗೆಳೆಯರು 'ದುಡ್ಡಿಗೆ ಜಾತಿ ಇಲ್ಲ ಬಿಡಿ' ಅಂತಾರೆ. ದುಡ್ಡಿಗೆ ಇಲ್ಲದಿರಬಹುದು. ಆದರೆ ಅದು ಯಾರ ಕೈಯಿಂದ ಯಾರ ಕೈಗೆ ಇಳಿಯುತ್ತೆ ಅನ್ನೋದರಲ್ಲಿ ಇದೆ. 2000ನೇ ಇಸವಿಯ ಹ್ಯಾನ್ಸಿ ಕ್ರೋನಿಯೆ ಪ್ರಕರಣವನ್ನ ನಾನು ಈ ಕಣ್ಣಿಂದಲೇ ಓದೋದು.

ಆಗ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ ಮುಗಿದು ಆರೇ ವರ್ಷ. ಕಾನೂನು ಹೋಗಿತ್ತು, ಕ್ರಿಕೆಟ್ ತಂಡದ ಬಣ್ಣ ಹೋಗಿರಲಿಲ್ಲ. 1998ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟಿಗೆ ಇಳಿದ ಹನ್ನೊಂದೂ ಜನ ಬಿಳಿಯರು. ಮಂಡೇಲಾ ರಾಷ್ಟ್ರಪತಿಯಾಗಿದ್ದ ದೇಶದಲ್ಲಿ! ದೊಡ್ಡ ಗಲಾಟೆ ಆಯ್ತು, ಕರಿಯ ಆಟಗಾರರಿಗೂ ಜಾಗ ಕೊಡಿ ಅನ್ನೋ ಒತ್ತಡ ಬಂತು. ತಕ್ಷಣ ಹೊರಟ ಮಾತು ಯಾವುದು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ: ಮೆರಿಟ್. ಆ ಮೆರಿಟ್ಟಿನ ಮುಖವೇ ಕ್ಯಾಪ್ಟನ್ ಕ್ರೋನಿಯೆ. ಬ್ಲೂಮ್‌ಫಾಂಟೈನಿನ ಪ್ರತಿಷ್ಠಿತ ಗ್ರೇ ಕಾಲೇಜಿನವನು, ದೈವಭಕ್ತ, ಕೈಗೆ ಯೇಸುವಿನ ನೆನಪಿನ ಪಟ್ಟಿ ಕಟ್ಟಿಕೊಂಡು ಆಡುತ್ತಿದ್ದವನು.

2000ರ ಮಾರ್ಚ್. ತಂಡ ಟೆಸ್ಟ್ ಆಡೋಕೆ ನಮ್ಮ ಬೆಂಗಳೂರಿಗೆ ಬಂದಿತ್ತು. ಪಂದ್ಯಕ್ಕೆ ಮುಂಚೆ ಹೋಟೆಲಿನಲ್ಲಿ ಜಾಕ್ ಕಾಲಿಸ್, ಮಾರ್ಕ್ ಬೌಷರ್, ಲ್ಯಾನ್ಸ್ ಕ್ಲೂಸ್ನರ್ ಮೂವರ ಹತ್ತಿರ ಕ್ರೋನಿಯೆ ದುಡ್ಡಿನ ಮಾತೆತ್ತಿದ. ಅವರು ಅದನ್ನ ತಮಾಷೆ ಅಂದುಕೊಂಡರು, ವಿಷಯ ಅಲ್ಲಿಗೇ ಮುಗೀತು. ಮೂವರೂ ಬಿಳಿಯರು, ತಂಡದಲ್ಲಿ ಭದ್ರ ಜಾಗ ಇದ್ದವರು.

ನಮಗೆ ನಾಗಪುರ ಅಂದ್ರೆ ದೀಕ್ಷಾಭೂಮಿ. ಅದೇ ಊರಲ್ಲಿ ಮಾರ್ಚ್ 19ರ ಏಕದಿನ ಪಂದ್ಯಕ್ಕೆ ಮುಂಚೆ ಕ್ರೋನಿಯೆ ಹೋಗಿದ್ದು ಹರ್ಷಲ್ ಗಿಬ್ಸ್ ಮತ್ತು ಹೆನ್ರಿ ವಿಲಿಯಮ್ಸ್ ಹತ್ತಿರ. ವರ್ಣಭೇದದ ಸರ್ಕಾರ 'ಕಲರ್ಡ್' ಅಂತ ವಿಂಗಡಿಸಿಟ್ಟಿದ್ದ ಸಮುದಾಯದವರು ಇಬ್ಬರೂ. ಇಲ್ಲಿ ತಮಾಷೆ ಇರಲಿಲ್ಲ, ರೇಟೇ ಇತ್ತು. ಗಿಬ್ಸ್ 20 ರನ್ನಿನೊಳಗೆ ಔಟಾಗಬೇಕು, ವಿಲಿಯಮ್ಸ್ ಹತ್ತು ಓವರಿನಲ್ಲಿ 50ಕ್ಕಿಂತ ಜಾಸ್ತಿ ರನ್ ಕೊಡಬೇಕು, ತಲಾ 15 ಸಾವಿರ ಡಾಲರ್. ಬುಕ್ಕಿ ಜೊತೆ ಫೋನಿನಲ್ಲಿ ಆಗಿದ್ದ ಮಾತು ತಲಾ 25 ಸಾವಿರ! ಕೂಲಿಯವರ ಕೂಲಿಯಲ್ಲಿ ಮೇಸ್ತ್ರಿ ಮುರುಕೊಳ್ಳೋದು ನೋಡಿದವರಿಗೆ ಈ ಲೆಕ್ಕ ಬೇಗ ಅರ್ಥ ಆಗುತ್ತೆ.

ಇಬ್ಬರೂ ಹೂಂ ಅಂದರು, ಅದನ್ನ ಮುಚ್ಚಿಡೋದು ಬೇಡ. ಆದರೆ ಮೈದಾನಕ್ಕೆ ಇಳಿದ ಗಿಬ್ಸ್ 74 ಬಾರಿಸಿದ. ವಿಲಿಯಮ್ಸ್ ಹನ್ನೊಂದು ಬಾಲ್ ಹಾಕೋದರಲ್ಲಿ ಭುಜ ನೋವಾಗಿ ಹೊರಗೆ ಬಂದ. ದುಡ್ಡೂ ಸಿಗಲಿಲ್ಲ.

ಇನ್ನೊಂದನ್ನೂ ಹೇಳಬೇಕು. ಪೀಟರ್ ಸ್ಟ್ರೈಡಮ್ ಅನ್ನೋ ಬಿಳಿಯ ಆಟಗಾರನನ್ನೂ ಕ್ರೋನಿಯೆ ಕೇಳಿದ್ದ, ಅವನು ಒಪ್ಪಲಿಲ್ಲ. ಅವನೂ ತಂಡದಲ್ಲಿ ಜಾಗ ಗಟ್ಟಿ ಇಲ್ಲದವನೇ. ಅಂದರೆ ಬಣ್ಣ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ. ನಾಯಕನಿಗೆ ಇಲ್ಲ ಅನ್ನೋಕೆ ಯಾರಿಗೆ ಕಷ್ಟವೋ ಅವರನ್ನ ಹುಡುಕಿದ್ದ. ಆ ತಂಡದಲ್ಲಿ ಅಂಥ ಕಷ್ಟ ಯಾರ ಪಾಲಿಗೆ ಹೆಚ್ಚು ಬಂದಿತ್ತು ಅನ್ನೋದೇ ಚರಿತ್ರೆ. ಗಿಬ್ಸ್ ಕೇಪ್‌ಟೌನಿನ ದೊಡ್ಡ ಶಾಲೆಯಲ್ಲೇ ಓದಿದವನು. ಕಾನ್ವೆಂಟಿಗೆ ಹೋದ ನಮ್ಮ ಮಕ್ಕಳನ್ನ ಕೇಳಿ, ಅಂಥ ಶಾಲೆ ಎಷ್ಟು ದೂರ ಕೈಹಿಡಿಯುತ್ತೆ ಅಂತ.

ಏಪ್ರಿಲ್ 7ಕ್ಕೆ ದೆಹಲಿ ಪೊಲೀಸರು ಫೋನ್ ಸಂಭಾಷಣೆ ಹೊರಗಿಟ್ಟಾಗ ದಕ್ಷಿಣ ಆಫ್ರಿಕಾದ ಕ್ರಿಕೆಟ್ ಮಂಡಳಿ ನಾಯಕನ ಬೆನ್ನಿಗೆ ನಿಂತಿತು. ಭಾರತದ ಪೊಲೀಸರೇ ಸುಳ್ಳು, ನಮ್ಮ ಹ್ಯಾನ್ಸಿ ಹಾಗೆ ಮಾಡೋನಲ್ಲ ಅಂತ. ನಾಲ್ಕೇ ದಿನ. 11ರ ಬೆಳಗಿನ ಜಾವ ಮಂಡಳಿಯ ಅಲಿ ಬಾಕರ್‌ಗೆ ಅವನೇ ಫೋನ್ ಮಾಡಿ, ಪೂರ್ತಿ ನಿಜ ಹೇಳಿಲ್ಲ ಅಂತ ಒಪ್ಪಿಕೊಂಡ. ಜೂನಿನಲ್ಲಿ ಕಿಂಗ್ ಆಯೋಗದ ಮುಂದೆ ಗಿಬ್ಸ್ ನಿಜ ಬಿಚ್ಚಿಟ್ಟ. ಕ್ರೋನಿಯೆಯನ್ನ ಅಲ್ಲಿ ನಿಲ್ಲಿಸಿ ಒಂದೊಂದೇ ಪ್ರಶ್ನೆ ಕೇಳಿದವರು ಶಮೀಲಾ ಬಟೋಹಿ, ಭಾರತೀಯ ಮೂಲದ ಸರ್ಕಾರಿ ವಕೀಲೆ. ಮೆರಿಟ್ಟಿನ ದೇವರು ಆ ಕಟಕಟೆಯಲ್ಲಿ ಕಣ್ಣೀರು ಹಾಕಿದ.

ಇಲ್ಲಿ ಪಲ್ವಾಂಕರ್ ಬಾಲೂ ನೆನಪಾಗ್ತಾರೆ. ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಜಾತಿಯ ಮಹಾನ್ ಬೌಲರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು. ಪುಣೆಯಲ್ಲಿ ಸವರ್ಣ ಜೊತೆಗಾರರು ಅವರಿಗೆ ಟೀ ಕೊಡ್ತಿದ್ದುದು ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ನಾಯಕನಾಗೋಕೆ ಬೇಕಾದ 'ಗುಣ' ಯಾರ ಹತ್ತಿರ ಇರುತ್ತೆ ಅಂತ ತೀರ್ಮಾನಿಸುವವರು ಎರಡೂ ದೇಶದಲ್ಲಿ ಒಂದೇ ಥರದವರು.

ಶಿಕ್ಷೆ ಹೀಗಾಯ್ತು: ಕ್ರೋನಿಯೆಗೆ ಆಜೀವ ನಿಷೇಧ, ಗಿಬ್ಸ್ ಮತ್ತು ವಿಲಿಯಮ್ಸ್‌ಗೆ ಆ ವರ್ಷದ ಕೊನೆವರೆಗೆ ನಿಷೇಧ ಮತ್ತು ದಂಡ. ಕ್ರೋನಿಯೆ 2002ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದ. ಎರಡು ವರ್ಷ ಬಿಟ್ಟು ಅಲ್ಲಿನ ಟಿವಿಯವರು ದೇಶದ ಮಹಾನ್ ವ್ಯಕ್ತಿಗಳು ಯಾರು ಅಂತ ಜನರ ಮತ ಕೇಳಿದರು. ಮಂಡೇಲಾ ಮೊದಲನೆಯವರು. ಕ್ರೋನಿಯೆ ಹನ್ನೊಂದನೆಯವ!

ಹೆನ್ರಿ ವಿಲಿಯಮ್ಸ್ ಹೆಸರು ಇವತ್ತಿಗೆ ಮೊದಲು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದಿರಿ? ಕಾಮೆಂಟಲ್ಲಿ ಹೇಳಿ.

ಜೈ ಭೀಮ್.