ಕ್ಷಯ ಎಂದರೆ ಟಿಬಿ ಮಾತ್ರವೇ? ಈ ಹಳೆಯ ಪದದ ಅರ್ಥ, ಇತಿಹಾಸ ಇಲ್ಲಿದೆ

ಟಿಬಿ ಕಾಯಿಲೆಯನ್ನು ಕನ್ನಡದಲ್ಲಿ ಕ್ಷಯ ಎನ್ನುತ್ತೇವೆ. ಆದರೆ ಟಿಬಿ ರೋಗಾಣು ಪತ್ತೆಯಾಗುವುದಕ್ಕಿಂತ ಬಹಳ ಹಿಂದಿನಿಂದಲೂ ಈ ಪದ ಬಳಕೆಯಲ್ಲಿದೆ. ಹಾಗಾಗಿ ಹಳೆಯ ಗ್ರಂಥಗಳಲ್ಲಿ ಕ್ಷಯ ಎಂದು ಕಂಡಲ್ಲೆಲ್ಲ ಟಿಬಿ ಎಂದೇ ಅರ್ಥ ಮಾಡಿಕೊಳ್ಳುವಂತಿಲ್ಲ.

ಪದದ ಅರ್ಥವೇನು?
ಸಂಸ್ಕೃತ ಮೂಲದ ಈ ಪದಕ್ಕೆ ಸವೆಯುವುದು, ಕುಗ್ಗುವುದು, ಕಡಿಮೆಯಾಗುವುದು ಎಂಬ ಅರ್ಥಗಳಿವೆ. ಎಂದೂ ಮುಗಿಯದ್ದು ಅಕ್ಷಯ. ಅಕ್ಷಯ ಪಾತ್ರೆ, ಅಕ್ಷಯ ತೃತೀಯದಲ್ಲಿ ಇರುವುದೂ ಇದೇ ಪದ. ಆಯುರ್ವೇದದ ಪ್ರಕಾರ ರಕ್ತ, ಮಾಂಸ ಮೊದಲಾದ ಧಾತುಗಳು ಕಡಿಮೆಯಾದರೆ ಅದು ಧಾತುಕ್ಷಯ. ಇದು ದೇಹದ ಸ್ಥಿತಿಯನ್ನು ಹೇಳುವ ಮಾತು, ನಿರ್ದಿಷ್ಟ ಸೋಂಕಿನ ಹೆಸರಲ್ಲ.

ಚಂದ್ರನಿಗೆ ಬಂದ ರೋಗ
ಕೆಮ್ಮು, ಜ್ವರ, ಕಫದಲ್ಲಿ ರಕ್ತ, ದಿನೇ ದಿನೇ ಸೊರಗುವುದು ಮುಂತಾದ ಲಕ್ಷಣಗಳನ್ನು ಚರಕ ಸಂಹಿತೆಯು ರಾಜಯಕ್ಷ್ಮ ಎಂಬ ಹೆಸರಿನಲ್ಲಿ ವಿವರಿಸುತ್ತದೆ. ರೋಹಿಣಿಯಲ್ಲಿ ಮಾತ್ರ ಆಸಕ್ತನಾಗಿ ಪ್ರಜಾಪತಿಯ ಕೋಪಕ್ಕೆ ಗುರಿಯಾದ ಚಂದ್ರನಿಗೆ ಈ ರೋಗ ಮೊದಲು ಬಂತು ಎಂಬ ಕಥೆಯೂ ಅಲ್ಲಿದೆ. ಚಂದ್ರನನ್ನು ರಾಜನೆಂದು ಕರೆಯುತ್ತಿದ್ದುದರಿಂದ ಇದು ರಾಜಯಕ್ಷ್ಮ ಎನಿಸಿತು.

ಬೇರೆ ಭಾಷೆಗಳಲ್ಲೂ ಇದೇ ಅರ್ಥ
ಪ್ರಾಚೀನ ಗ್ರೀಕರು ಇದನ್ನು 'ಥೈಸಿಸ್' ಎಂದರು. ಅದಕ್ಕೂ ಸವೆದುಹೋಗುವುದು ಎಂದೇ ಅರ್ಥ. ಇಂಗ್ಲಿಷಿನ ಹಳೆಯ ಹೆಸರು 'ಕನ್ಸಂಪ್ಷನ್', ಅಂದರೆ ದೇಹವನ್ನು ತಿಂದುಹಾಕುವ ರೋಗ. ಕಾರಣ ತಿಳಿಯದ ಕಾಲದಲ್ಲಿ ಕಣ್ಣಿಗೆ ಕಂಡ ಲಕ್ಷಣವೇ ರೋಗದ ಹೆಸರಾಯಿತು. ಹೀಗಾಗಿ ದೇಹ ಸೊರಗುವ ಬೇರೆ ಕಾಯಿಲೆಗಳೂ ಈ ಹೆಸರುಗಳಡಿ ಸೇರಿಕೊಂಡಿದ್ದವು.

1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ಅವರು ರೋಗಾಣುವನ್ನು ಪತ್ತೆ ಮಾಡಿರುವುದಾಗಿ ಬರ್ಲಿನ್‌ನಲ್ಲಿ ಪ್ರಕಟಿಸಿದರು. ಆ ದಿನವೇ ಈಗ ವಿಶ್ವ ಕ್ಷಯರೋಗ ದಿನ. ಕ್ರಮೇಣ ಕ್ಷಯ ಎಂಬ ಪದ ಟಿಬಿ ಒಂದಕ್ಕೇ ಸೀಮಿತವಾಯಿತು.

ಪದ ಹಳೆಯದು, ಭಯ ಬೇಡ
ಸವೆದು ಸಾಯುವುದೇ ಗತಿ ಎಂಬ ಹಳೆಯ ಭಯ ಈ ಹೆಸರಿಗೆ ಅಂಟಿಕೊಂಡಿದೆ. ಈ ಭಯದಿಂದ ಕಾಯಿಲೆ ಮುಚ್ಚಿಟ್ಟರೆ ಚಿಕಿತ್ಸೆ ತಡವಾಗುತ್ತದೆ. ಸಾಮಾನ್ಯ ಟಿಬಿಯು ಸುಮಾರು 6 ತಿಂಗಳ ಔಷಧದಿಂದ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ. ಕೇಂದ್ರದ ಯೋಜನೆಯ ಹೆಸರು 'ನಿ-ಕ್ಷಯ್', ಅಂದರೆ ಕ್ಷಯದ ಅಂತ್ಯ. ಇದರಡಿ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂ. ನೀಡಲಾಗುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1,000 ರೂ.ಗೆ ಏರಿಸಲಾಗಿದೆ.

ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಕಂಡುಬಂದರೆ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಿ.