ಕೆಲಸ ಮೊದಲು, ಮನೆ ಆಮೇಲೆ: ಬೆಂಗಳೂರಿನ ಹೊರವಲಯದಲ್ಲಿ ವಿಕಲಚೇತನರ ಸ್ವತಂತ್ರ ಬದುಕು

ಬೆಂಗಳೂರಿನಲ್ಲಿ ವಿಕಲಚೇತನರ ಸ್ವತಂತ್ರ ಬದುಕಿಗೆ ಸಮಾಜದ ಬೆಂಬಲ ಮೊದಲು ಸಿಕ್ಕಿದ್ದು ದುಡಿಮೆಯ ದಾರಿಯಲ್ಲಿ. ವಸತಿ ಮತ್ತು ಓಡಾಟದ ಅನುಕೂಲಗಳು ಬಹಳ ತಡವಾಗಿ ಬಂದವು. ಅಮೆರಿಕದಲ್ಲಿ ಇದು ತಿರುವುಮುರುವು. 1972ರಲ್ಲಿ ವಿಕಲಚೇತನ ಹೋರಾಟಗಾರ ಎಡ್ ರಾಬರ್ಟ್ಸ್ ಮತ್ತು ಸಂಗಡಿಗರು ಬರ್ಕ್ಲಿಯಲ್ಲಿ ಕಟ್ಟಿದ ಸ್ವತಂತ್ರ ಬದುಕಿನ ಕೇಂದ್ರ ಗಾಲಿಕುರ್ಚಿ ಸಲೀಸಾಗಿ ಹೋಗುವಂಥ ಬಾಡಿಗೆ ಮನೆ ಹುಡುಕುವುದರಿಂದ, ಸಂಬಳದ ಸಹಾಯಕರನ್ನು ಒದಗಿಸುವುದರಿಂದ ಶುರುವಾಯಿತು. ಬೆಂಗಳೂರಿನಲ್ಲಿ ಸ್ನಾನ ಮಾಡಿಸುವ, ಎತ್ತಿ ಕೂರಿಸುವ ಕೆಲಸವೆಲ್ಲ ಮನೆಯವರ, ಅದರಲ್ಲೂ ಹೆಂಗಸರ ಪಾಲಿಗೆ ಬಿದ್ದಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊರತೆಯೆಂದು ಕಣ್ಣಿಗೆ ಬಿದ್ದದ್ದು ಸಂಪಾದನೆ ಮಾತ್ರ.

ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದ ಎನ್.ಎಸ್. ಹೇಮಾ 1959ರಲ್ಲಿ ಸ್ಥಾಪಿಸಿದ ಸಂಸ್ಥೆ ಈ ಚರಿತ್ರೆಯ ಮೊದಲ ಮುಖ್ಯ ಘಟ್ಟ. ಇಂದು ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಎಂದೇ ಹೆಸರಾದ ಅದು ಲಿಂಗರಾಜಪುರದಲ್ಲಿ ನೆಲೆಯೂರಿ ಶಾಲೆಯನ್ನೂ ಕೈಗಾರಿಕಾ ತರಬೇತಿಯನ್ನೂ ನಡೆಸಿತು. ತೋಟಗಾರಿಕೆ ತರಬೇತಿ ಜೀವನ್ ಬಿಮಾ ನಗರದಲ್ಲಿ ಬೆಳೆಯಿತು. ಇತ್ತ ಎಪ್ಪತ್ತರ ದಶಕದಲ್ಲಿ ನಗರದ ಹೊರವಲಯದ ಪೀಣ್ಯ ಸಣ್ಣ ಕೈಗಾರಿಕೆಗಳಿಂದ ತುಂಬತೊಡಗಿತು. ಬಿಡಿಭಾಗಗಳ ಜೋಡಣೆ, ತಪಾಸಣೆ, ಪ್ಯಾಕಿಂಗ್‌ನಂಥ ಕೂತು ಮಾಡುವ ಕೆಲಸ ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡವರಿಗೆ ಒಗ್ಗುವಂಥದ್ದು. ಕಿವಿ ಕೇಳದವರಿಗೂ ಅಲ್ಲಿ ಎಡೆಯಿತ್ತು: ಯಂತ್ರಗಳ ಗದ್ದಲದ ನಡುವೆ ಕಿವಿ ಕೇಳುವವರೂ ಕೈಸನ್ನೆಯಲ್ಲೇ ಮಾತಾಡಬೇಕಲ್ಲ! ದೇಶದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. ಹೀಗಾಗಿ ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ತೊಟ್ಟು ಕಾರ್ಖಾನೆಗೆ ಬರುವ ಪೋಲಿಯೊಪೀಡಿತರ ಪೀಳಿಗೆಗೆ ಈಗ ವಯಸ್ಸಾಗುತ್ತಿದೆ.

ಎರಡನೆಯ ಘಟ್ಟ ಕಂಪ್ಯೂಟರಿನದು. ಆರ್.ಕೆ. ಬಾಳಿಗರ ಕನಸಿನಂತೆ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ 1978ರಲ್ಲಿ 332 ಎಕರೆಯಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ಸಿಟಿ ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಊರಾಯಿತು. ವೈಟ್‌ಫೀಲ್ಡಿನ ಟೆಕ್ ಪಾರ್ಕ್ ಅದರ ಬೆನ್ನಿಗೇ ಬಂತು. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಅಂಧರಿಗೆ ಕಚೇರಿಯ ಬಾಗಿಲು ತೆರೆಯಿತು. ಮಧು ಸಿಂಘಾಲ್ ಅವರ ಮಿತ್ರಜ್ಯೋತಿ (1990), ಮಹಾಂತೇಶ್ ಕಿವಡಸಣ್ಣವರ್ ಮತ್ತು ಎಸ್.ಪಿ. ನಾಗೇಶ್ ಕಟ್ಟಿದ ಸಮರ್ಥನಂ (1997) ಅಂಧರೇ ಮುಂದೆ ನಿಂತು ಬೆಳೆಸಿದ ಸಂಸ್ಥೆಗಳು. ದೃಷ್ಟಿ ಕಳೆದುಕೊಂಡ ತಮ್ಮನಿಗೆ ಬದುಕು ಮತ್ತೆ ಕಲಿಸಿದ ಅನುಭವದಿಂದ ಶಾಂತಿ ರಾಘವನ್, ದೀಪೇಶ್ ಸುತಾರಿಯಾ ಅವರೊಡನೆ 1999ರಲ್ಲಿ ಎನೇಬಲ್ ಇಂಡಿಯಾ ಆರಂಭಿಸಿದರು. ವಿಂಧ್ಯಾ ಎಂಬ ಬಿಪಿಒ 2006ರಲ್ಲಿ ಹುಟ್ಟಿ, ವಿಕಲಚೇತನರನ್ನೇ ದೊಡ್ಡ ಪ್ರಮಾಣದಲ್ಲಿ ನೇಮಿಸಿಕೊಂಡಿತು.

ಕೆಲಸ ಸಿಕ್ಕಮೇಲೆ ಮನೆಯ ಪ್ರಶ್ನೆ ಎದ್ದಿತು. ದೂರದ ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರ ಜೊತೆ ಮನೆಯವರು ಇರಲಿಲ್ಲ. ಹೀಗಾಗಿ ಟೈಪಿಂಗ್ ಕಲಿಯುವಷ್ಟೇ ಮುಖ್ಯವಾಗಿ ಬಿಳಿಕೋಲು ಹಿಡಿದು ರಸ್ತೆ ದಾಟುವುದು, ಲೋಟದ ಅಂಚಿಗೆ ಬೆರಳಿಟ್ಟು ನೀರಿನ ಮಟ್ಟ ಅರಿಯುವುದು, ನೋಟುಗಳನ್ನು ಬೇರೆ ಬೇರೆ ರೀತಿ ಮಡಚಿ ಗುರುತಿಟ್ಟುಕೊಳ್ಳುವುದು ಕಲಿಯಬೇಕಾಯಿತು. ಇಂಥ ಪಾಠಗಳನ್ನು ಕಂಪನಿಯ ತರಬೇತಿ ಕೋಣೆ ಕಲಿಸುವುದಿಲ್ಲ. ಸಂಸ್ಥೆಗಳ ಹಾಸ್ಟೆಲು, ಅಲ್ಲಿ ಪರಿಚಯವಾಗಿ ಒಟ್ಟಿಗೆ ಬಾಡಿಗೆ ಮನೆ ಮಾಡಿದ ಗೆಳೆಯರು, ದಿನಸಿ ಅಂಗಡಿಯವರು, ಗೊತ್ತಿರುವ ಆಟೊ ಚಾಲಕರು ಆ ಕೊರತೆ ತುಂಬಿದರು. ಪಿಜಿಗಳ ಕಡಿದಾದ ಮೆಟ್ಟಿಲು, ಕಿರಿದಾದ ಬಚ್ಚಲು, ಮಾಲೀಕರ ಹಿಂಜರಿಕೆ ಮಾತ್ರ ಹಾಗೇ ಉಳಿದವು. ದೊಡ್ಡ ಮೊತ್ತದ ಅಡ್ವಾನ್ಸ್ ಕೊಡಲು ಸಿದ್ಧರಿದ್ದರೂ ನೆಲಮಹಡಿಯ ಮನೆ ಸುಲಭಕ್ಕೆ ಸಿಗುವುದಿಲ್ಲ.

ಕಾನೂನು ಈ ವಾಸ್ತವದ ಹಿಂದೆ ಬಂತು. 1995ರ ಅಂಗವಿಕಲರ ಕಾಯ್ದೆ ಶಿಕ್ಷಣ ಮತ್ತು ಮೀಸಲಾತಿಗೆ ಒತ್ತು ಕೊಟ್ಟಿತ್ತು. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲಿ ಅನುಮೋದನೆ ನೀಡಿತು. ಅದರ 19ನೇ ವಿಧಿ ಸ್ವತಂತ್ರವಾಗಿ, ಸಮುದಾಯದ ನಡುವೆ ಬಾಳುವ ಹಕ್ಕನ್ನು ಹೇಳುತ್ತದೆ. ಅದರ ಜಾಡಿನಲ್ಲೇ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಪ್ರಕರಣ ಬಂದಿದೆ: ವಿಕಲಚೇತನರನ್ನು ಇಂಥ ಕಡೆಯೇ ಇರಬೇಕೆಂದು ಕಟ್ಟಿಹಾಕುವಂತಿಲ್ಲ. ಕರ್ನಾಟಕದ ಮಟ್ಟಿಗೆ ಇದಕ್ಕಿಂತ ಹತ್ತಿರದ ನೆರವು ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. ಎಂಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರದು. ಸಾಮಾನ್ಯವಾಗಿ ತಾವೂ ವಿಕಲಚೇತನರೇ ಆಗಿರುವ ಇವರು ಕೇವಲ ಗೌರವಧನಕ್ಕೆ ಮಾಸಾಶನ, ಗುರುತಿನ ಚೀಟಿ, ಸಾಧನ ಸಲಕರಣೆಗಳ ಅರ್ಜಿ ಹೊತ್ತು ಮನೆಮನೆ ಸುತ್ತುತ್ತಾರೆ. ನಗರದ ಅಂಚಿನ ಆನೇಕಲ್ ತಾಲೂಕಿನಂಥ ಕಡೆ ಯೋಜನೆಗಳು ಜನರಿಗೆ ತಲಪುವುದು ಬಹುಮಟ್ಟಿಗೆ ಇವರಿಂದ.

ಓಡಾಟ ಸುಧಾರಿಸಿದ್ದು ಎಲ್ಲಕ್ಕಿಂತ ಕೊನೆಗೆ. ಲಿಫ್ಟ್, ಅಂಧರಿಗೆ ದಾರಿ ತೋರುವ ಉಬ್ಬು ಹಾಸು ಇರುವ ಮೆಟ್ರೊ 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡಿಗೆ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಮುಟ್ಟಿತು. ನಿಲ್ದಾಣದಾಚೆಗಿನ ಪಾದಚಾರಿ ಮಾರ್ಗದ ಕಥೆ ಬೇರೆ: ಎತ್ತರದ ಅಂಚುಕಲ್ಲು, ಎದ್ದ ಚಪ್ಪಡಿ, ಅಡ್ಡ ನಿಲ್ಲಿಸಿದ ಬೈಕು. ಅಲ್ಲಿಂದ ಕೆಲಸದ ಜಾಗದವರೆಗೆ ಈಗಲೂ ನೆಚ್ಚಬೇಕಾದ್ದು ಹಿಂಬದಿಗೆ ಎರಡು ಹೆಚ್ಚುವರಿ ಗಾಲಿ ಜೋಡಿಸಿದ ಸ್ಕೂಟರನ್ನು, ಕಂಪನಿಯ ಕ್ಯಾಬನ್ನು, ಇಲ್ಲವೇ ಜೊತೆಗೆ ದುಡಿಯುವವರ ಬೈಕನ್ನು.