ಸಂಕಟದ ಕೀರ್ತನೆಯೂ ಶ್ರೀರಂಗಪಟ್ಟಣದ ಒಂದು ಹರಕೆಯೂ

ಯೆಹೂದ್ಯರ ಧರ್ಮಗ್ರಂಥದಲ್ಲಿ 150 ಗೀತಗಳ ಸಂಕಲನವೊಂದುಂಟು. ಹೀಬ್ರೂ ಭಾಷೆಯಲ್ಲಿ ಅದಕ್ಕೆ ‘ತೆಹಿಲ್ಲೀಂ’, ಅಂದರೆ ಸ್ತುತಿಗಳು, ಎಂದು ಹೆಸರು. ಕನ್ನಡ ಬೈಬಲಿನಲ್ಲಿ ಅವು ‘ಕೀರ್ತನೆಗಳು’. ಹೆಸರು ಸ್ತುತಿಯದಾದರೂ ಇವುಗಳಲ್ಲಿ ಅತ್ಯಂತ ದೊಡ್ಡ ವರ್ಗವು ಸಂಕಟದ ಮೊರೆಗಳದು. ಈ ಮೊರೆಗಳಿಗೆ ಒಂದು ಕ್ರಮವಿರುವುದನ್ನು ಜರ್ಮನ್ ವಿದ್ವಾಂಸ ಹೆರ್ಮನ್ ಗುಂಕೆಲ್ (1862–1932) ತೋರಿಸಿಕೊಟ್ಟನು. ಮೊದಲು ದೇವರನ್ನು ಕೂಗಿ ಕರೆಯುವುದು, ಬಳಿಕ ಕಷ್ಟದ ನಿವೇದನೆ, ಆಮೇಲೆ ಬಿನ್ನಹ. ಕೊನೆಯಲ್ಲಿ ಬಹುಮಟ್ಟಿಗೆ ಭರವಸೆಯ ಮಾತು, ಅನೇಕ ವೇಳೆ ಒಂದು ಹರಕೆ. 88ನೆಯ ಕೀರ್ತನೆಯಂತೆ ಕತ್ತಲೆಯಲ್ಲಿಯೇ ಮುಗಿಯುವುದು ಅಪರೂಪ. ಹೊತ್ತ ಹರಕೆಯನ್ನು ಗುಟ್ಟಾಗಿ ಅಲ್ಲ, ಜನರೆಲ್ಲರ ಸಮಕ್ಷಮದಲ್ಲಿ ಸಲ್ಲಿಸತಕ್ಕದ್ದೆಂಬುದು 116ನೆಯ ಕೀರ್ತನೆಯ ಆಶಯ.

ಈ ಕ್ರಮವು ಗ್ರಂಥದಲ್ಲಿ ಮಾತ್ರ ಉಳಿಯದೆ ಮನುಷ್ಯನ ಬಾಳಿನಲ್ಲಿಯೂ ನಡೆದುಬಂದುದಕ್ಕೆ ನಿದರ್ಶನವೊಂದು ಕನ್ನಡನಾಡಿಗೂ ಕೊಂಕಣಕ್ಕೂ ಸಮಾನವಾಗಿ ಸೇರಿದೆ.

ಕೊಂಕಣದ ಕರಾವಳಿಯಲ್ಲಿ ನೆಲೆಸಿದ ಬೆನೆ ಇಸ್ರೇಲರು ಮರಾಠಿಯನ್ನಾಡುವ ಯೆಹೂದ್ಯರು. ಎಣ್ಣೆ ತೆಗೆಯುವ ಕಸುಬಿನವರಾದ ಇವರು ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾಗಿ ‘ಶನಿವಾರ ತೇಲಿ’ಗಳೆನಿಸಿಕೊಂಡರು. ಪೂರ್ವಿಕರ ಹಡಗು ಒಡೆದು ಗ್ರಂಥಗಳೆಲ್ಲ ಕಡಲ ಪಾಲಾದುವೆಂದೂ ‘ಶೆಮಾ’ ಎಂಬ ಒಂದು ಪ್ರಾರ್ಥನೆ ಮಾತ್ರ ನಾಲಗೆಯ ಮೇಲೆ ಉಳಿಯಿತೆಂದೂ ಇವರ ಐತಿಹ್ಯ.

ಈ ಜನಾಂಗದ ಸಾಮುಯೇಲ್ ಎಜೆಕಿಯೇಲ್ ದಿವೇಕರನು, ಮರಾಠಿಯಲ್ಲಿ ಸಾಮಾಜಿ ಹಸಾಜಿ, ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದಲ್ಲಿ ಅಧಿಕಾರಿಯಾಗಿದ್ದನು. ಎರಡನೆಯ ಮೈಸೂರು ಯುದ್ಧದಲ್ಲಿ (1780–84) ಸೆರೆಸಿಕ್ಕಿ ಟಿಪ್ಪು ಸುಲ್ತಾನನ ವಶವಾದನು. ತಾನು ಬೆನೆ ಇಸ್ರೇಲನೆಂದು ಅವನು ಹೇಳಿಕೊಂಡಾಗ, ಕುರಾನಿನಲ್ಲಿ ಕೇಳಿದ್ದ ಆ ಹೆಸರಿನವರನ್ನು ಕಣ್ಣಾರೆ ಕಂಡ ಸುಲ್ತಾನನ ತಾಯಿ ಅವನ ಪ್ರಾಣವನ್ನುಳಿಸುವಂತೆ ಮಗನನ್ನು ಬೇಡಿದಳೆಂಬುದು ಸಂಪ್ರದಾಯದ ಕಥನ. ಬದುಕಿ ಹಿಂದಿರುಗಿದರೆ ದೇವರಿಗೊಂದು ಮಂದಿರವನ್ನು ಕಟ್ಟಿಸುವೆನೆಂದು ಸೆರೆಯಲ್ಲಿದ್ದಾಗ ಅವನು ಹರಕೆ ಹೊತ್ತನೆಂದೂ ಅದೇ ಕಥನ ಹೇಳುತ್ತದೆ. 1796ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಆ ಮಂದಿರ ಎದ್ದುನಿಂತಿತು; ಅದು ಆ ಜನಾಂಗದ ಮೊತ್ತಮೊದಲನೆಯ ಸಭಾಮಂದಿರ. ಅದರಲ್ಲಿ ಇಡತಕ್ಕ ಧರ್ಮಗ್ರಂಥದ ಸುರುಳಿಗಳಿಗಾಗಿ ಕೊಚ್ಚಿಗೆ ಹೋದ ದಿವೇಕರನು 1797ರಲ್ಲಿ ಅಲ್ಲಿಯೇ ತೀರಿಕೊಂಡನು.

ಇಲ್ಲಿ ಲಕ್ಷ್ಯವಿಡತಕ್ಕ ಸಂಗತಿಯಿದು. ಮೊರೆ, ಬಿಡುಗಡೆ, ಹರಕೆ, ಜನರ ಮುಂದೆ ಸಲ್ಲಿಕೆ ಎಂಬ ನಾಲ್ಕು ಮೆಟ್ಟಿಲುಗಳೂ ಈ ವೃತ್ತಾಂತದಲ್ಲಿ ಕೀರ್ತನೆಯಲ್ಲಿರುವಂತೆಯೇ ಇವೆ. ಸಂಕಟದ ಪ್ರಾರ್ಥನೆಯು ಬಿಡುಗಡೆಯೊಡನೆ ಮುಗಿಯಿತೆಂದು ಬಗೆದಿದ್ದರೆ ದಿವೇಕರನ ಹೆಸರು ಅವನ ಮನೆಯವರ ನೆನಪಿನೊಡನೆಯೇ ಅಳಿದುಹೋಗುತ್ತಿದ್ದಿತು. ಅದು ಸಮುದಾಯದ ಋಣವಾಗಿ ಪರಿಣಮಿಸಿದುದರಿಂದ, ಒಂದೇ ಪ್ರಾರ್ಥನೆಯನ್ನು ಉಳಿಸಿಕೊಂಡಿದ್ದ ಜನಕ್ಕೆ ಒಟ್ಟಾಗಿ ಕುಳಿತು ಕೀರ್ತನೆಗಳನ್ನು ಪಠಿಸುವ ಮನೆಯೊಂದು ದೊರೆಯಿತು. ಸಬ್ಬತ್ತಿಗೆ 92ನೆಯದೂ, ಪಸ್ಕ ಮೊದಲಾದ ಹಬ್ಬಗಳಿಗೆ 113ರಿಂದ 118ರವರೆಗಿನವೂ ಯೆಹೂದ್ಯರ ವಿಧಿಯಲ್ಲಿ ನಿಯತವಾದವು.

ಆ ಮೇಲೆ ಮಂದಿರಗಳು ಹೆಚ್ಚಿದುವು. ಪನವೇಲಿನ ‘ಬೇತ್ ಏಲ್’ 1849ರದು. ಠಾಣೆಯ ‘ಶಾಅರ್ ಹಶ್ಶಾಮಾಯಿಂ’, ಎಂದರೆ ಸ್ವರ್ಗದ ಬಾಗಿಲು, 1879ರದು. ಈ ಎರಡು ಹೆಸರುಗಳೂ, ಮನೆಬಿಟ್ಟು ಓಡುತ್ತಿದ್ದ ಯಾಕೋಬನು ಕಲ್ಲನ್ನು ತಲೆದಿಂಬಾಗಿಸಿಕೊಂಡು ಮಲಗಿ ಕನಸು ಕಂಡೆದ್ದು ಹರಕೆ ಹೊತ್ತ ಪ್ರಸಂಗದಿಂದ ಬಂದವು. 1948ರ ತರುವಾಯ ಬೆನೆ ಇಸ್ರೇಲರಲ್ಲಿ ಬಹುಮಂದಿ ಇಸ್ರೇಲಿಗೆ ವಲಸೆ ಹೋದರು. ಆದರೂ ಠಾಣೆಯ ಮಂದಿರದಲ್ಲಿ ಪ್ರಾರ್ಥನೆ ನಿಂತಿಲ್ಲ.

ಮಾಂಡ್ವಿಯ ಮಂದಿರಕ್ಕೆ 1896ರಲ್ಲಿ ‘ಶಾಅರ್ ಹರಾಹಮೀಂ’, ಕರುಣೆಯ ಬಾಗಿಲು, ಎಂಬ ಹೆಸರಾಯಿತು. ಜನರ ಬಾಯಲ್ಲಿ ಮಾತ್ರ ಅದು ‘ಜುನಿ ಮಸ್ಜಿದ್’. ಕಲ್ಯಾಣ, ಡೊಂಬಿವಲಿ, ಠಾಣೆಗಳಿಂದ ಕೋಟೆಯತ್ತ ಹೋಗುವ ಲೋಕಲ್ ಗಾಡಿಯು ಕಟ್ಟಕಡೆಯ ನಿಲ್ದಾಣಕ್ಕೆ ಮುಂಚೆ ನಿಲ್ಲುವ ‘ಮಸ್ಜಿದ್’ಗೆ ಆ ಹೆಸರು ಬಂದುದು ಈ ಮಂದಿರದಿಂದಲೇ ಎಂದು ರೂಢಿಯ ಮಾತು. ದಿನಂಪ್ರತಿ ಸಹಸ್ರಾರು ಕನ್ನಡಿಗರು ದಾಟಿಹೋಗುವ ಆ ಹೆಸರಿನ ಹಿಂದೆ ಕಾವೇರಿಯ ತೀರದಲ್ಲಿ ಆಳಿದ ಅರಸನೊಬ್ಬನ ಸೆರೆಯೂ, ಸೆರೆಯಾಳೊಬ್ಬನು ಮರೆಯದೆ ಸಲ್ಲಿಸಿದ ಹರಕೆಯೂ ಇವೆ.